ಕೊಳಲಿನ ನಾದ, ತುಟಿಯ ತೆರಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಕೊಳಲು ಕಲಿಯುತ್ತಿರುವವರು ತಮ್ಮ ತೊಡಕುಗಳನ್ನು ಬರೆದು ಕಳುಹಿಸಬಹುದು ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೆ ಬೇರೆ ಮಾತುಗಳಲ್ಲಿ ಒಂದೇ ದೂರನ್ನು ಹೇಳುತ್ತವೆ: ಬೆರಳು ಓಡುತ್ತದೆ, ನಾದ ಮಾತ್ರ ಕೂಡಿಬರುವುದಿಲ್ಲ. ಆದ್ದರಿಂದ ರಾಗ, ತಾಳಗಳನ್ನು ಕುರಿತ ಪ್ರಶ್ನೆಗಳನ್ನು ಮುಂದಕ್ಕೆ ಉಳಿಸಿಕೊಂಡು, ನಾದಕ್ಕೂ ಊದುವ ಕ್ರಮಕ್ಕೂ ಸಂಬಂಧಿಸಿದವುಗಳನ್ನಷ್ಟೇ ಈ ಬಾರಿ ಎತ್ತಿಕೊಂಡಿದ್ದೇನೆ. ಉತ್ತರಗಳೆಲ್ಲ ನಮ್ಮ ಭಾಗದಲ್ಲಿ ಹೆಚ್ಚು ಬಳಕೆಯಲ್ಲಿರುವ ಆರು ರಂಧ್ರಗಳ ಹಿಂದುಸ್ತಾನಿ ಬಾನ್ಸುರಿಯನ್ನು ಕುರಿತವು. ಕರ್ನಾಟಕ ಸಂಗೀತದ ಎಂಟು ರಂಧ್ರಗಳ ಕೊಳಲಿನ ಬೆರಳುಗಾರಿಕೆ ಬೇರೆ. ತುಟಿಯ ವಿಚಾರ ಮಾತ್ರ ಎರಡಕ್ಕೂ ಒಂದೇ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಎರಡು ವರ್ಷಗಳಿಂದ ಬಿಳಿ ಮೂರರ (ಹಾರ್ಮೋನಿಯಂನ ಮೂರನೆಯ ಬಿಳಿ ಕೀಲಿಯ ಶ್ರುತಿಯ) ಉದ್ದನೆಯ ಬಾನ್ಸುರಿಯನ್ನು ನುಡಿಸುತ್ತಿದ್ದೇನೆ. ಅಲಂಕಾರಗಳು ಬರುತ್ತವೆ, ಆದರೆ ಸ್ವರದ ಜೊತೆಗೆ ಸದಾ ಗಾಳಿಯ ಸದ್ದು ಬೆರೆತಿರುತ್ತದೆ. ‘ಗಾಳಿ ಭಾಳ ಬರ್ಲತ್ತದ್ರಿ, ಸೂರು ಕಮ್ಮಿ ಬರ್ಲತ್ತದ’ ಎಂದು ಮನೆಯವರು ಹಾಸ್ಯ ಮಾಡುತ್ತಾರೆ. ಈಗಾಗಲೇ ಮೂರು ಕೊಳಲುಗಳನ್ನು ಬದಲಾಯಿಸಿದ್ದೇನೆ. ಉಸಿರಿನ ಬಲ ಹೆಚ್ಚಿಸಿಕೊಳ್ಳಲು ಪ್ರಾಣಾಯಾಮ ಮಾಡಬೇಕೆ? — ಜೇವರ್ಗಿಯ ಓದುಗರು

ಉತ್ತರ: ನಿಮ್ಮ ಮನೆಯವರು ಹಾಸ್ಯ ಮಾಡಿಲ್ಲ, ದೋಷವನ್ನು ಒಂದೇ ಸಾಲಿನಲ್ಲಿ ಸರಿಯಾಗಿ ಗುರುತಿಸಿದ್ದಾರೆ. ನಾಲ್ಕನೆಯ ಕೊಳಲನ್ನು ಕೊಳ್ಳಬೇಡಿ. ಪ್ರಾಣಾಯಾಮವನ್ನು ಆರೋಗ್ಯಕ್ಕಾಗಿ ಮಾಡುವುದಾದರೆ ಅವಶ್ಯ ಮಾಡಿ, ಆದರೆ ಈ ದೋಷಕ್ಕೆ ಅದು ಮದ್ದಲ್ಲ, ಏಕೆಂದರೆ ನಿಮಗಿರುವ ತೊಂದರೆ ಉಸಿರಿನ ಕೊರತೆಯದಲ್ಲ. ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ನೀವು ಕೊಳಲಿಗೆ ಕೊಡುತ್ತಿದ್ದೀರಿ.

ಶಹನಾಯಿಯಲ್ಲಿ ಅದುರುವ ಪತ್ತಿ ಇರುತ್ತದೆ, ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಹಿತ್ತಾಳೆಯ ಸ್ವರಪಟ್ಟಿಗಳಿರುತ್ತವೆ. ಕೊಳಲಿನಲ್ಲಿ ಅಂತಹ ಯಾವ ವಸ್ತುವೂ ಇಲ್ಲ. ತುಟಿಗಳ ನಡುವಿನಿಂದ ಹೊರಡುವ ಗಾಳಿಯ ಎಳೆಯೇ ಅಲ್ಲಿ ಅದುರುವ ವಸ್ತು. ಅದು ಮುಖರಂಧ್ರದ ಆಚೆಯ ಅಂಚಿಗೆ ಬಡಿದು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಓಲಾಡುತ್ತದೆ. ನಿಮ್ಮ ಬಿಳಿ ಮೂರರ ಕೊಳಲಿನಲ್ಲಿ ಷಡ್ಜ ನುಡಿಯುವಾಗ ಈ ಓಲಾಟ ಸೆಕೆಂಡಿಗೆ ಸುಮಾರು 330 ಬಾರಿ ನಡೆಯುತ್ತದೆ. ಎಳೆ ತೆಳ್ಳಗಿದ್ದು ಅಂಚಿಗೆ ನೇರವಾಗಿ ತಾಗಿದರೆ ಹೆಚ್ಚುಕಡಿಮೆ ಎಲ್ಲ ಗಾಳಿಯೂ ನಾದಕ್ಕೆ ದುಡಿಯುತ್ತದೆ. ಎಳೆ ದಪ್ಪವಾಗಿದ್ದರೆ ಅಥವಾ ಅದರ ದಿಕ್ಕು ತಪ್ಪಿದರೆ ಒಂದು ಪಾಲು ಮಾತ್ರ ಅಂಚಿಗೆ ತಾಗಿ, ಉಳಿದ ಪಾಲು ಸುಮ್ಮನೆ ಹಾದುಹೋಗುತ್ತದೆ. ಹಾಗೆ ಹಾದುಹೋಗುವುದೇ ನಿಮ್ಮ ಮನೆಯವರ ಕಿವಿಗೆ ಬೀಳುವ ಗಾಳಿ. ಅದನ್ನು ಮುಚ್ಚಿಹಾಕಲು ನೀವು ಇನ್ನಷ್ಟು ಜೋರಾಗಿ ಊದುತ್ತೀರಿ. ಊದಿದಷ್ಟೂ ತುಟಿಯ ತೆರಪು ಅಗಲವಾಗುತ್ತದೆ, ಗಾಳಿಯ ಸದ್ದೂ ಏರುತ್ತದೆ.

ಆದ್ದರಿಂದ ಮೊದಲ ಕೆಲಸ ಕೊಳಲಿಲ್ಲದೆ ಆಗಬೇಕು. ಒಂದು ಕೈಗನ್ನಡಿಯನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು ಕೊಳಲಿಗೆ ಊದುವಂತೆಯೇ ಊದಿರಿ. ಚಳಿಗಾಲದ ಬೆಳಗಿನಲ್ಲಿ ಕನ್ನಡಿಯ ಮೇಲೆ ಆವಿಯ ಗುರುತು ಮೂಡುತ್ತದೆ. ಅದು ಅಂಗೈಯಗಲ ಹರಡಿದರೆ ತೆರಪು ದೊಡ್ಡದಾಗಿದೆ ಎಂದು ಅರ್ಥ. ರೂಪಾಯಿ ನಾಣ್ಯದಷ್ಟಕ್ಕೆ ಕುಗ್ಗುವವರೆಗೆ ತುಟಿಯನ್ನು ಹದಗೊಳಿಸುತ್ತ ಹೋಗಬೇಕು. ಗುರುತು ನಡುವಿನಲ್ಲಿ ಬೀಳದೆ ಬಲಕ್ಕೋ ಎಡಕ್ಕೋ ಬೀಳುವುದೂ ಉಂಟು. ಮೇಲ್ದುಟಿಯ ನಡುವೆ ಚಿಕ್ಕ ಇಳಿಬಿಂದು ಇರುವವರಲ್ಲಿ ಇದು ಸಹಜ; ಅಂಥವರು ತುಟಿಯೊಡನೆ ಹೋರಾಡುವ ಬದಲು ಮುಖರಂಧ್ರವನ್ನೇ ಆ ಬದಿಗೆ ತುಸು ಸರಿಸಿಕೊಳ್ಳಬೇಕು. (ಏಪ್ರಿಲಿನಲ್ಲಿ ಈ ಪ್ರಯೋಗ ಮಾಡಿ, ಕನ್ನಡಿಯ ಮೇಲೆ ಏನೂ ಮೂಡಲಿಲ್ಲವೆಂದು ನನಗೆ ಪತ್ರ ಬರೆಯಬೇಡಿ. ನಮ್ಮ ಬಿಸಿಲಿಗೆ ಕಾದ ಗಾಜಿನ ಮೇಲೆ ಉಸಿರಿನ ಆವಿ ನಿಲ್ಲುವುದಿಲ್ಲ. ಆಗ ಒದ್ದೆ ಮಾಡಿದ ಬೆರಳನ್ನು ಬಾಯಿಯ ಮುಂದೆ ಆಡಿಸಿ, ತಂಪು ಎಲ್ಲಿ ತಾಗುತ್ತದೆಯೆಂದು ನೋಡಿಕೊಳ್ಳಿ.)

ತೆರಪಿನ ಅಳತೆಯನ್ನು ಕೇಳಿದವರಿಗೆ ನಾನು ಅಡುಗೆಮನೆಯ ಲೆಕ್ಕವನ್ನೇ ಹೇಳುತ್ತೇನೆ: ಮಂದ್ರಕ್ಕೆ (ಕೆಳಗಿನ ಸಪ್ತಕದ ಸ್ವರಗಳಿಗೆ) ಅಡ್ಡ ಮಲಗಿಸಿದ ಅಕ್ಕಿಕಾಳಿನಷ್ಟು, ತಾರಕ್ಕೆ (ಮೇಲಿನ ಸಪ್ತಕದವಕ್ಕೆ) ಜೀರಿಗೆಯಷ್ಟು. ತುಟಿಯ ಎರಡು ಕೊನೆಗಳನ್ನು ನಗುವವರಂತೆ ಹಿಂದಕ್ಕೆ ಎಳೆಯಬಾರದು. ಫೋಟೊಗಳನ್ನು ನೋಡಿ ಕಲಿತವರಲ್ಲಿ ಈ ರೂಢಿ ಹೆಚ್ಚು, ಅವರ ನಾದ ಸಾಮಾನ್ಯವಾಗಿ ತಗಡಿನ ಸದ್ದಿನಂತೆ ತೆಳ್ಳಗಿರುತ್ತದೆ. ಕೊನೆಗಳು ಬಿಗಿಯಾಗಿ ನಿಲ್ಲಬೇಕು, ನಡುಭಾಗ ಮೆತ್ತಗಿರಬೇಕು.

ಇನ್ನು ಕೊಳಲನ್ನು ಕೈಗೆತ್ತಿಕೊಳ್ಳಿ. ಕೆಳದುಟಿಯು ಮುಖರಂಧ್ರದ ಸುಮಾರು ಮೂರನೆಯ ಒಂದು ಭಾಗವನ್ನು ಮುಚ್ಚಲಿ. ಮೇಲಿನ ಮೂರು ರಂಧ್ರಗಳನ್ನು ಮುಚ್ಚಿ ಷಡ್ಜವನ್ನು ಹಿಡಿಯಿರಿ, ಆಮೇಲೆ ಉಸಿರನ್ನು ಅರ್ಧಕ್ಕೆ ಇಳಿಸಿರಿ. ನಾದ ಅಳಿಯುವಂತೆ ಕಂಡಾಗ ಮತ್ತೆ ಊದಬೇಡಿ. ತಲೆಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಕೂದಲೆಳೆಯಷ್ಟು ಎತ್ತಿ, ಅಂಚನ್ನು ಹುಡುಕಿರಿ. ಬಾನ್ಸುರಿ ಒಂದೇ ತುಂಡಿನ ವಾದ್ಯವಾದ್ದರಿಂದ ಕೊಳಲನ್ನು ತಿರುಗಿಸಿದರೆ ಬೆರಳುಗಳ ಜಾಗವೂ ತಪ್ಪುತ್ತದೆ. ಆದಕಾರಣ ಹುಡುಕುವ ಕೆಲಸವನ್ನು ತಲೆಗೆ ಬಿಡುವುದು ಲೇಸು. ಒಂದು ಕೋನದಲ್ಲಿ ಗಾಳಿಯ ಸದ್ದು ಇದ್ದಕ್ಕಿದ್ದಂತೆ ಅಡಗಿ, ಅದೇ ಸಣ್ಣ ಉಸಿರಿನಲ್ಲಿ ಸ್ವರ ಎರಡು ಪಟ್ಟು ತುಂಬಿಕೊಂಡಂತೆ ಕೇಳಿಸುತ್ತದೆ, ಬಿದಿರು ಬೆರಳಿನ ಕೆಳಗೆ ಮೆಲ್ಲಗೆ ನಡುಗುವುದು ತಿಳಿಯುತ್ತದೆ. ಆ ಜಾಗವನ್ನು ಮೊದಲ ದಿನ ಹತ್ತು ನಿಮಿಷ ಹುಡುಕಿದರೆ ಒಂದೆರಡು ಸಲ ಸಿಕ್ಕೀತು. ತಿಂಗಳಾಗುವ ಹೊತ್ತಿಗೆ ಕೊಳಲನ್ನು ತುಟಿಗಿಟ್ಟ ಕೂಡಲೇ ಸಿಗತೊಡಗುತ್ತದೆ.

ಷಡ್ಜ ನಿಂತ ಮೇಲೆ ಮಂದ್ರಕ್ಕೆ ಇಳಿಯಿರಿ: ನಾಲ್ಕು ಬೆರಳಿಗೆ ನಿಷಾದ, ಐದಕ್ಕೆ ಧೈವತ, ಆರಕ್ಕೆ ಪಂಚಮ. ಒಂದು ಉಸಿರಿಗೆ ಒಂದೇ ಸ್ವರ. ಈಗ 12 ಸೆಕೆಂಡು ನಿಲ್ಲುವ ಸ್ವರವನ್ನು 20 ಸೆಕೆಂಡಿಗೆ ಒಯ್ಯಬೇಕು, ಅದೂ ಹೆಚ್ಚು ಗಾಳಿಯನ್ನು ತುಂಬಿಕೊಂಡಲ್ಲ, ಇರುವ ಗಾಳಿಯನ್ನು ತೆಳ್ಳಗೆ ಬಿಟ್ಟು. ಮಂದ್ರ ಪಂಚಮ ಮಾತ್ರ ಹಟ ಮಾಡಿದರೆ ತುಟಿಯನ್ನು ಬಿಟ್ಟು ಬೆರಳನ್ನು ಸಂಶಯಿಸಿರಿ. ಒಂದು ನಿಮಿಷ ಆರೂ ರಂಧ್ರಗಳನ್ನು ಮುಚ್ಚಿ ಹಿಡಿದು, ಕೈ ತೆಗೆದು ಬೆರಳುಗಳನ್ನು ನೋಡಿಕೊಳ್ಳಿ. ರಂಧ್ರದ ಅಚ್ಚು ಚರ್ಮದ ಮೇಲೆ ಪೂರ್ಣ ವೃತ್ತವಾಗಿ ಮೂಡಿದ್ದರೆ ಮುಚ್ಚಿದ್ದು ಸರಿ; ಉಂಗುರದ ಬೆರಳಿನ ಮೇಲೆ ಅರ್ಧಚಂದ್ರ ಕಂಡರೆ ಅಲ್ಲಿಂದ ಗಾಳಿ ಸೋರುತ್ತಿದೆ. ಎರಡೂವರೆ ಅಡಿಯ ಕೊಳಲನ್ನು ಬೆರಳತುದಿಯಿಂದ ಮುಚ್ಚಲು ಹೋಗುವವರಿಗೆ ಹೀಗಾಗುತ್ತದೆ. ಬೆರಳುಗಳನ್ನು ನೇರವಾಗಿ ಚಾಚಿ, ತುದಿಗಿಂತ ಒಳಗಿನ ಮೆತ್ತನೆಯ ಭಾಗದಿಂದ ಮುಚ್ಚಿರಿ.

ಕಡೆಯದಾಗಿ, ಕೊಳಲನ್ನೇ ದೂರಬೇಕಾದ ಸಂದರ್ಭ ಒಂದಿದೆ. ಮುಚ್ಚಿದ ತುದಿಯಲ್ಲಿರುವ ಬಿರಡೆ ತನ್ನ ಜಾಗದಿಂದ ಸರಿದಿದ್ದರೆ ಎಷ್ಟೇ ಒಳ್ಳೆಯ ತುಟಿಯೂ ಸೋಲುತ್ತದೆ. ಮಧ್ಯ ಷಡ್ಜವನ್ನೂ ತಾರ ಷಡ್ಜವನ್ನೂ ಅದೇ ಮೂರು ಬೆರಳುಗಳಲ್ಲಿ ನುಡಿಸಿ ತಂಬೂರಿಗೆ ಹೋಲಿಸಿರಿ. ಒಂದು ಸೇರಿ ಇನ್ನೊಂದು ಸೇರದಿದ್ದರೆ, ಕೊಳಲು ಮಾಡುವವರ ಕೈಯಲ್ಲಿ ಬಿರಡೆಯನ್ನು ನೋಡಿಸಿರಿ. ಮುಖರಂಧ್ರದ ನಡುವಿನಿಂದ ಬಿರಡೆಗೆ ಇರುವ ದೂರ ಸುಮಾರಾಗಿ ಕೊಳಲಿನ ಒಳವ್ಯಾಸದಷ್ಟಿರುತ್ತದೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಮಧ್ಯಮದಿಂದ ಪಂಚಮಕ್ಕೆ ಹೋಗುವಾಗ ಪ್ರತಿಸಲವೂ ಸ್ವರ ಒಡೆಯುತ್ತದೆ. ತಾರ ಸಪ್ತಕದಲ್ಲಿ ಕಿರುಚಿದಂತಾಗುತ್ತದೆ. ಯಾವ ಅಭ್ಯಾಸ ಮಾಡಬೇಕು? — ಬೀದರಿನ ಓದುಗರು

ಉತ್ತರ: ಬಾನ್ಸುರಿಯನ್ನು ಹಿಡಿದ ಪ್ರತಿಯೊಬ್ಬರೂ ಎಡವುವ ಹೊಸ್ತಿಲು ಇದು. ಷಡ್ಜದಿಂದ ಮಧ್ಯಮದವರೆಗೆ ಒಂದೊಂದೇ ಬೆರಳನ್ನು ತೆರೆಯುತ್ತ ಬರುತ್ತೀರಿ; ಶುದ್ಧ ಮಧ್ಯಮಕ್ಕೆ ಮೊದಲ ರಂಧ್ರ ಅರ್ಧ ಮಾತ್ರ ಮುಚ್ಚಿರುತ್ತದೆ. ಮುಂದಿನ ಸ್ವರ ಪಂಚಮ. ಅದಕ್ಕೆ ಆರೂ ರಂಧ್ರಗಳನ್ನು ಮುಚ್ಚಬೇಕು, ಜೊತೆಗೆ ಗಾಳಿಯನ್ನು ಮೇಲಿನ ಸಪ್ತಕಕ್ಕೆ ಏರಿಸಬೇಕು. ಕಿವಿಗೆ ಒಂದೇ ಹೆಜ್ಜೆಯಾದುದು ಕೈಗೂ ತುಟಿಗೂ ದೊಡ್ಡ ಜಿಗಿತ. ಬೆರಳು ಮೊದಲು ಬಿದ್ದು ತುಟಿ ತಡವಾದರೆ ಮಂದ್ರ ಪಂಚಮ ಗುರ್ರೆನ್ನುತ್ತದೆ. ತುಟಿ ಮೊದಲು ಸಿದ್ಧವಾಗಿ ಬೆರಳು ತಡವಾದರೆ ಮಧ್ಯಮ ಮೇಲಕ್ಕೆ ಚಿಮ್ಮುತ್ತದೆ. ನಿಮ್ಮದು ಎರಡರಲ್ಲಿ ಯಾವುದೆಂದು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿದರೆ ತಿಳಿಯುತ್ತದೆ. ಅದನ್ನು ತಿಳಿಯದೆ ನೂರು ಸಲ ‘ಮ ಪ, ಮ ಪ’ ಎಂದು ನುಡಿಸುವುದು ಒಡಕನ್ನೇ ರೂಢಿಸಿಕೊಂಡಂತೆ.

ಹೊಸ್ತಿಲನ್ನು ದಾಟಲು ನಾನು ಕಲಿಸುವ ಕ್ರಮ ಹೀಗಿದೆ. ಮೊದಲು ಸ–ಪ: ಮೂರು ಬೆರಳುಗಳು ಆಗಲೇ ಕೊಳಲಿನ ಮೇಲಿರುವುದರಿಂದ ಇನ್ನು ಮೂರು ಬಿದ್ದರೆ ಸಾಕು. ಅದು ನೀರಿನಂತೆ ಹರಿಯತೊಡಗಿದ ಮೇಲೆ ರಿ–ಪ, ಆಮೇಲೆ ಗ–ಪ. ಇವು ಮೂರೂ ಒಡೆಯದೆ ಬರುವವರೆಗೆ ಮ–ಪ ಬೇಡ. ಬೆರಳುಗಳು ಒಂದಾದ ಮೇಲೊಂದು ಬೀಳದೆ ಒಂದೇ ಏಟಿಗೆ ಬೀಳಬೇಕು. ಬೀಳುವ ಮುನ್ನ ರಂಧ್ರದಿಂದ ಒಂದು ಬೆರಳಿನ ದಪ್ಪಕ್ಕಿಂತ ಮೇಲೆ ಹೋಗಿರಬಾರದು. ರಾಗವನ್ನು ಆರಿಸುವಾಗಲೂ ಇದನ್ನು ಗಮನಿಸಿರಿ. ಭೂಪಾಲಿಯಲ್ಲಿ ಮಧ್ಯಮವೇ ಇಲ್ಲವಾದ್ದರಿಂದ ಗಾಂಧಾರದಿಂದ ಪಂಚಮಕ್ಕೆ ಹೋಗುವ ನಡೆ ಅಲ್ಲಿ ಸಹಜವಾಗಿಯೇ ಮತ್ತೆ ಮತ್ತೆ ಬರುತ್ತದೆ. ಯಮನ್‌ನ ತೀವ್ರ ಮಧ್ಯಮಕ್ಕೆ ಎಲ್ಲ ರಂಧ್ರಗಳೂ ತೆರೆದಿರುತ್ತವೆ, ಅದು ಎರಡನೆಯ ಮೆಟ್ಟಿಲು. ಅರ್ಧ ಮುಚ್ಚಿದ ಶುದ್ಧ ಮಧ್ಯಮವಿರುವ ರಾಗಗಳು ಅದರ ನಂತರ ಬರಲಿ.

ಮಧ್ಯಮದಿಂದ ಪಂಚಮಕ್ಕೆ ಗಾಯಕರಂತೆ ಜಾರುವ ಮೀಂಡನ್ನು ನುಡಿಸಲಾಗುತ್ತಿಲ್ಲ ಎಂಬ ಕೊರಗೂ ನಿಮ್ಮ ಪತ್ರದ ಕೊನೆಯಲ್ಲಿದೆ. ಆ ಜಾಗದಲ್ಲಿ ತಡೆಯಿಲ್ಲದ ಜಾರು ಈ ವಾದ್ಯಕ್ಕೆ ಸಹಜವಾಗಿ ಒದಗುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಉದ್ದನೆಯ ಬಾನ್ಸುರಿಯನ್ನು ಶಾಸ್ತ್ರೀಯ ಕಛೇರಿಯ ವೇದಿಕೆಗೆ ತಂದ ಪನ್ನಾಲಾಲ ಘೋಷರು (1911–1960) ಬಳಸಿದ ಏಳನೆಯ ರಂಧ್ರವು ಮಂದ್ರದಲ್ಲಿ ಪಂಚಮಕ್ಕಿಂತ ಕೆಳಗಿನ ತೀವ್ರ ಮಧ್ಯಮವನ್ನು ಒದಗಿಸುತ್ತದೆ. ಅದು ದೊರೆತರೂ ಮಧ್ಯ ಸಪ್ತಕದ ಹೊಸ್ತಿಲು ಹೊಸ್ತಿಲಾಗಿಯೇ ಉಳಿಯುತ್ತದೆ.

ತಾರ ಸಪ್ತಕದ ಕಿರುಚಾಟಕ್ಕೆ ಕಾರಣ ಜೇವರ್ಗಿಯ ಓದುಗರಿಗೆ ಹೇಳಿದ್ದೇ. ಮೇಲಿನ ಸ್ವರಕ್ಕೆ ಗಾಳಿಯ ವೇಗ ಬೇಕು, ಪ್ರಮಾಣವಲ್ಲ. ನಲ್ಲಿಗೆ ಹಾಕಿದ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದೇ ನೀರು ದೂರಕ್ಕೆ ಚಿಮ್ಮುವುದಿಲ್ಲವೇ, ತುಟಿ ಮಾಡಬೇಕಾದುದು ಆ ಹೆಬ್ಬೆರಳಿನ ಕೆಲಸ. ಆರೂ ರಂಧ್ರಗಳನ್ನು ಮುಚ್ಚಿ, ಬೆರಳನ್ನು ಅಲುಗಿಸದೆ, ತೆರಪನ್ನು ಕಿರಿದು ಮಾಡುತ್ತ ತುಟಿಯನ್ನು ಆಚೆಯ ಅಂಚಿನತ್ತ ತುಸು ಮುಂದೆ ತನ್ನಿರಿ: ಮೊದಲು ಮಂದ್ರ ಪಂಚಮ, ಅನಂತರ ಮಧ್ಯ ಪಂಚಮ, ಆಮೇಲೆ ತಾರ ರಿಷಭ, ಕೊನೆಗೆ ತಾರ ಪಂಚಮ ಕೇಳಿಬರುತ್ತವೆ. ಅದೇ ದಾರಿಯಲ್ಲಿ ಕೆಳಗಿಳಿಯಿರಿ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ತುಟಿ ಕಲಿಯುವುದೂ ಇಳಿಯುವಾಗಲೇ. ದಿನಕ್ಕೆ ಐದು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ತುಟಿ ದಣಿದು ಮತ್ತೆ ಬಲಪ್ರಯೋಗಕ್ಕೆ ಇಳಿಯುತ್ತದೆ.

ಪ್ರಶ್ನೆ: ನಮ್ಮ ಭಜನಾ ಮಂಡಳಿಯಲ್ಲಿ ಪೇಟಿಯೂ ಅದೇ, ಕೊಳಲೂ ಅದೇ. ಡಿಸೆಂಬರಿನಲ್ಲಿ ಎರಡೂ ಕೂಡಿದ್ದವು. ಹೋಳಿಯ ನಂತರ, ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೆ ಕೊಳಲಿನ ಶ್ರುತಿ ಪೇಟಿಗಿಂತ ಏರಿಬಿಟ್ಟಿತ್ತು. ಪೇಟಿಯವರು ಕೊಳಲು ಕೆಟ್ಟಿದೆ ಎನ್ನುತ್ತಾರೆ, ಕೊಳಲು ಮಾರಿದವರು ಪೇಟಿ ಕೆಟ್ಟಿದೆ ಎನ್ನುತ್ತಾರೆ. ಯಾರನ್ನು ನಂಬಬೇಕು? — ಕಲಬುರಗಿ ಬ್ರಹ್ಮಪುರದ ಓದುಗರು

ಉತ್ತರ: ಇಬ್ಬರನ್ನೂ ಬಿಡಿ, ತಪ್ಪು ಬಿಸಿಲಿನದು. ಗಾಳಿಯಲ್ಲಿ ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್. ಉಷ್ಣತೆ ಒಂದು ಡಿಗ್ರಿ ಏರಿದಂತೆ ಅದು ಸುಮಾರು 0.6 ಮೀಟರ್ ಏರುತ್ತದೆ. 20 ಡಿಗ್ರಿಯಲ್ಲಿ 343 ಮೀಟರ್ ಇರುವುದು 40 ಡಿಗ್ರಿಯಲ್ಲಿ 355 ಆಗುತ್ತದೆ, ಅಂದರೆ ಶೇಕಡ ಮೂರೂವರೆಯಷ್ಟು ಹೆಚ್ಚಳ. ಕೊಳಲಿನ ಶ್ರುತಿಯನ್ನು ನಿರ್ಧರಿಸುವುದು ಅದರೊಳಗಿನ ಗಾಳಿಯ ಕಂಬವಾದ್ದರಿಂದ ಶ್ರುತಿಯೂ ಅದೇ ಪ್ರಮಾಣದಲ್ಲಿ ಏರಬೇಕು. ಪೇಟಿಯ ಒಂದು ಮನೆಯಿಂದ (ಕೀಲಿಯಿಂದ) ಪಕ್ಕದ ಮನೆಗೆ ಇರುವ ಅಂತರ ಶೇಕಡ ಆರರಷ್ಟು ಎಂಬುದನ್ನು ನೆನೆದರೆ, ಇದು ಅರ್ಧ ಮನೆಗಿಂತ ಹೆಚ್ಚು. ನಿಜವಾಗಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ಚಳಿಯಲ್ಲಿಯೂ ನಮ್ಮ ಬೆಚ್ಚನೆಯ ಉಸಿರು ಕೊಳಲಿನ ಒಳಗನ್ನು ಕಾಯಿಸುತ್ತಿರುತ್ತದೆ. ಆದರೂ ಕಿವಿಗೆ ಮುಳ್ಳಿನಂತೆ ಚುಚ್ಚುವಷ್ಟು ಉಳಿದೇ ಉಳಿಯುತ್ತದೆ. ಪೇಟಿಯ ಹಿತ್ತಾಳೆಯ ಪಟ್ಟಿಗಳು ಬಿಸಿಲಿಗೆ ಅಷ್ಟಾಗಿ ಬದಲಾಗುವುದಿಲ್ಲ, ತಂಬೂರಿಯ ತಂತಿಗಳಂತೂ ಸಡಿಲಗೊಂಡು ಕೆಳಗಿಳಿಯುತ್ತವೆ. ಹೀಗೆ ಬೇಸಿಗೆಯಲ್ಲಿ ಮೂರು ವಾದ್ಯಗಳು ಮೂರು ದಾರಿ ಹಿಡಿಯುತ್ತವೆ.

ಮಾಡಬಹುದಾದುದು ಮೂರು. ಕೆಳದುಟಿ ಮುಖರಂಧ್ರವನ್ನು ಇನ್ನೂ ತುಸು ಹೆಚ್ಚು ಮುಚ್ಚುವಂತೆ ಮಾಡಿಕೊಂಡರೆ ಶ್ರುತಿ ಇಳಿಯುತ್ತದೆ, ಅತಿಯಾದರೆ ನಾದ ಉಸಿರುಗಟ್ಟಿದಂತಾಗುತ್ತದೆ. ಎರಡನೆಯದು, ಮೆಲ್ಲಗೆ ಊದುವುದು. ಜೋರಾಗಿ ಊದಿದಷ್ಟೂ ಕೊಳಲಿನ ಶ್ರುತಿ ಏರುತ್ತದೆ. ಜಾತ್ರೆಯ ಗದ್ದಲದಲ್ಲಿ ತಮ್ಮ ಸ್ವರ ತಮಗೇ ಕೇಳದೆ ಎಲ್ಲರೂ ಮಾಡುವುದು ಅದನ್ನೇ. ನಿಮ್ಮ ಕೊಳಲಿನವರ ಕಿವಿಯತ್ತ ಒಂದು ಸ್ಪೀಕರನ್ನು ತಿರುಗಿಸಿ ನೋಡಿ, ಅರ್ಧ ಜಗಳ ಅಲ್ಲಿಯೇ ಮುಗಿಯಬಹುದು. ಮೂರನೆಯದು ಸ್ವಲ್ಪ ಖರ್ಚಿನದು. ಹಳೆಯ ಪೇಟಿಗಳೆಲ್ಲ ಒಂದೇ ಶ್ರುತಿಯಲ್ಲಿ ಇರುವುದಿಲ್ಲವಾದ್ದರಿಂದ, ಬೇಸಿಗೆಗೆಂದೇ ಒಂದು ಕೊಳಲನ್ನು ಮಾಡಿಸುವುದಾದರೆ ಪೇಟಿಯನ್ನೇ ಎದುರಿಗಿಟ್ಟು, ಕೊಳಲನ್ನು ಚೆನ್ನಾಗಿ ಬೆಚ್ಚಗೆ ಮಾಡಿದ ಮೇಲೆ ರಂಧ್ರಗಳನ್ನು ತಿದ್ದಿಸಿಕೊಳ್ಳಬೇಕು. ಚಳಿಗಾಲದ ತೊಡಕು ಇದಕ್ಕೆ ತಿರುಗುಮುರುಗು. ಬೀದರಿನ ಡಿಸೆಂಬರಿನ ನಸುಕಿನಲ್ಲಿ ಭಜನೆಗೆ ಕುಳಿತವರು ಮೊದಲ ಹಾಡಿಗೆ ಮುನ್ನ ಕೊಳಲನ್ನು ಶಾಲಿನೊಳಗೆ ಇಟ್ಟುಕೊಂಡು, ರಂಧ್ರಗಳನ್ನೆಲ್ಲ ಮುಚ್ಚಿ ಎರಡು ನಿಮಿಷ ಸದ್ದಿಲ್ಲದೆ ಬೆಚ್ಚನೆಯ ಉಸಿರನ್ನು ತುಂಬಬೇಕು.

ಈ ಮಾತಿಗೆ ಹೊಂದಿಕೊಂಡ ಇನ್ನೊಂದು ಸಂಗತಿಯಿದೆ. ಸಾಧನೆಯನ್ನು ಪೇಟಿಯೊಡನೆ ಮಾಡಬೇಡಿ, ತಂಬೂರಿಯೊಡನೆ ಮಾಡಿರಿ. ಫೋನಿನ ತಂಬೂರಿಯೂ ಸಾಕು. ಪೇಟಿಯ ಶುದ್ಧ ಗಾಂಧಾರವು ತಂಬೂರಿಯ ತಂತಿಯೊಳಗಿನಿಂದ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ತುಸು ಮೇಲಿರುತ್ತದೆ. ಪೇಟಿಗೆ ಒಗ್ಗಿದ ಕಿವಿ ಮುಂದೆ ಆ ನಿಜವಾದ ಗಾಂಧಾರವನ್ನೇ ಇಳಿದಿದೆ ಎಂದು ತಿದ್ದಲು ಹೋಗುತ್ತದೆ.

ಪ್ರಶ್ನೆ: ಕೊಳಲು ಸೀಳಬಾರದೆಂದು ನಮ್ಮ ಹೊಲದ ಕುಸುಬಿಯ ಗಾಣದ ಎಣ್ಣೆಯನ್ನು ಪ್ರತಿವಾರ ಹಚ್ಚುತ್ತೇನೆ. ಈಗ ಒಳಗೆಲ್ಲ ಅಂಟಂಟಾಗಿ, ನಾದ ಮಂಕಾಗಿದೆ. — ಶಹಾಪುರದ ಓದುಗರು

ಉತ್ತರ: ಎಣ್ಣೆ ಒಳ್ಳೆಯದೇ, ರೊಟ್ಟಿಯ ಜೊತೆಗಿನ ಚಟ್ನಿಪುಡಿಗೆ. ಕುಸುಬಿ ಎಣ್ಣೆ ಗಾಳಿಗೆ ಒಡ್ಡಿಕೊಂಡಾಗ ಮೆಲ್ಲಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಈ ಗುಣದಿಂದಾಗಿಯೇ ಅದನ್ನು ಬಣ್ಣಗಳ ತಯಾರಿಕೆಯಲ್ಲಿಯೂ ಬಳಸುತ್ತಾರೆ. ಕೊಳಲಿನೊಳಗೆ ಆ ಪದರದ ಮೇಲೆ ತೊಗರಿ ರಾಶಿಯ ಕಾಲದ ಧೂಳು ಕೂತರೆ, ನಯವಾಗಿರಬೇಕಾದ ಗೋಡೆ ಒರಟಾಗಿ ನಾದವನ್ನು ನುಂಗುತ್ತದೆ. ಬೆತ್ತಕ್ಕೆ ಹಳೆಯ ಹತ್ತಿ ಬಟ್ಟೆಯನ್ನು ಸುತ್ತಿ, ಸ್ವಲ್ಪ ಸಾಸಿವೆ ಎಣ್ಣೆಯಲ್ಲಿ ಅದ್ದಿ, ಒಳಗೆ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಒಣಬಟ್ಟೆಯಿಂದ ಒರೆಸಿರಿ. ಅಂಟು ಹೋಗುವವರೆಗೆ ಮೂರ್ನಾಲ್ಕು ಸಲ ಹೀಗೆ ಮಾಡಬೇಕಾಗಬಹುದು. ಸೋಪಿನ ನೀರಿನಲ್ಲಿ ನೆನೆಸಬಾರದು. ತುಟಿಗೆ ತಾಗುವ ವಸ್ತುವಾದ್ದರಿಂದ ಸೀಮೆಎಣ್ಣೆಯನ್ನಂತೂ ಮುಟ್ಟಿಸಲೇಬಾರದು. ಇನ್ನು ಮುಂದೆ ಸಾಸಿವೆ ಎಣ್ಣೆಯನ್ನೇ ತೆಳ್ಳಗೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹಚ್ಚಿದರೆ ಸಾಕು.

ಬಿದಿರನ್ನು ಸೀಳುವುದು ಒಣಹವೆಗಿಂತ ಹೆಚ್ಚಾಗಿ ಹಠಾತ್ ಬದಲಾವಣೆ. ಬಾನ್ಸುರಿಗೆ ಬಳಸುವ ತೆಳುಗೋಡೆಯ, ಗಂಟಿನಿಂದ ಗಂಟಿಗೆ ದೂರವಿರುವ ಬಿದಿರು ಹೆಚ್ಚಾಗಿ ಅಸ್ಸಾಮಿನ ಕಡೆಯದು. ಮಳೆಯ ನಾಡಿನಲ್ಲಿ ಬೆಳೆದದ್ದು ನಮ್ಮ 42 ಡಿಗ್ರಿಯ ಒಣ ಬಿಸಿಲಿಗೆ ಬಂದು ಬಾಳಬೇಕು. ಹಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನ, ಚಿಂಚೋಳಿಯ ಮದುವೆಯೊಂದಕ್ಕೆ ಹೋದಾಗ ನನ್ನ ಕೊಳಲನ್ನು ಜೀಪಿನ ಮುಂದಿನ ಗಾಜಿನ ಕೆಳಗೆ ಬಿಟ್ಟು ಊಟಕ್ಕೆ ಕುಳಿತಿದ್ದೆ. ಹಿಂದಿರುಗಿ ನೋಡಿದರೆ ಮುಖರಂಧ್ರದಿಂದ ಮೊದಲ ಸ್ವರರಂಧ್ರದವರೆಗೆ ಕೂದಲಿನಂತಹ ಗೆರೆ. ಊದಿದರೆ ಷಡ್ಜ ಬಂತು, ಮಂದ್ರ ಮಾಯವಾಗಿತ್ತು. ಅಂತಹ ಸಣ್ಣ ಸೀಳಿಗೆ ತಕ್ಷಣ ಅಂಟುವ ಗೋಂದನ್ನು ಇಳಿಬಿಟ್ಟು, ಒಣಗಿದ ಮೇಲೆ ಬಿಗಿಯಾಗಿ ನೈಲಾನ್ ದಾರವನ್ನು ಸುತ್ತಿದರೆ ಕೊಳಲು ಮತ್ತೆ ನುಡಿಯುತ್ತದೆ. ನಿಮ್ಮ ಹೊಲದಲ್ಲಿ ಉಳಿದ ಎರಡಿಂಚಿನ ಪಿವಿಸಿ ಪೈಪಿನ ತುಂಡಿದ್ದರೆ ಅದಕ್ಕಿಂತ ಒಳ್ಳೆಯ ಪೆಟ್ಟಿಗೆ ಬೇಡ. ನುಡಿಸಿದ ನಂತರ ಒಳಗಿನ ತೇವವನ್ನು ಒರೆಸಿ, ಆರಿಸಿ, ಬಟ್ಟೆಯ ಚೀಲದಲ್ಲಿ ಹಾಕಿ ಅದರಲ್ಲಿಡಿ.

ಪ್ರಶ್ನೆ: ಹತ್ತು ನಿಮಿಷ ಊದಿದರೆ ತಲೆ ಸುತ್ತುತ್ತದೆ. ಕೊಳಲು ಬಿಡಬೇಕೆ? — ಆಳಂದದ ಓದುಗರು

ಉತ್ತರ: ಬಿಡಬೇಕಾಗಿಲ್ಲ. ಗಾಳಿಯನ್ನು ಪೋಲು ಮಾಡುತ್ತ, ಪದೇ ಪದೇ ಆಳವಾಗಿ ಉಸಿರೆಳೆದು ಬಿಡುತ್ತಿದ್ದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ. ತಲೆ ಸುತ್ತಿದ ಕೂಡಲೇ ನಿಲ್ಲಿಸಿ, ಕುಳಿತು, ಸಹಜವಾಗಿ ಉಸಿರಾಡಿರಿ. ತೆರಪು ಕಿರಿದಾದಂತೆ ಇದು ತಾನಾಗಿ ಕಡಿಮೆಯಾಗುತ್ತದೆ. ಕೊಳಲು ಹಿಡಿಯದ ಹೊತ್ತಿನಲ್ಲಿಯೂ ತಲೆ ಸುತ್ತುವುದಾದರೆ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗ ಎಡಚ. ಕೊಳಲನ್ನೂ ಎಡಕ್ಕೆ ಹಿಡಿಯುತ್ತಾನೆ. ತಿದ್ದಬೇಕೆ? — ಹುಮನಾಬಾದಿನ ಓದುಗರು

ಉತ್ತರ: ಬೇಡ, ತಾಯಿ. ಆರು ರಂಧ್ರಗಳು ನೇರ ಸಾಲಿನಲ್ಲಿರುವ ಬಾನ್ಸುರಿಗೆ ಎಡಬಲದ ಭೇದವಿಲ್ಲ. ಏಳನೆಯ ರಂಧ್ರವಿರುವ ಅಥವಾ ಕೊನೆಯ ರಂಧ್ರವನ್ನು ಬದಿಗೆ ಕೊರೆದಿರುವ ಕೊಳಲನ್ನು ಕೊಳ್ಳುವಾಗ ಮಾತ್ರ ಹೇಳಿ ಮಾಡಿಸಬೇಕು. 1938ರಲ್ಲಿ ಜನಿಸಿದ ಬಾನ್ಸುರಿ ವಾದಕ ಹರಿಪ್ರಸಾದ ಚೌರಾಸಿಯಾ ಅವರು ಹೆಸರು ಮಾಡಿದ ಮೇಲೆ ಸುರಬಹಾರ್ ವಾದಕಿ ಅನ್ನಪೂರ್ಣಾದೇವಿಯವರಲ್ಲಿ ಹೊಸದಾಗಿ ಕಲಿಯಲು ಹೋದಾಗ, ಬಲಕ್ಕೆ ಹಿಡಿಯುತ್ತಿದ್ದ ಕೊಳಲನ್ನು ಎಡಕ್ಕೆ ಬದಲಿಸಿಕೊಂಡು ಮೊದಲಿನಿಂದ ಆರಂಭಿಸಿದರು. ಒಂಬತ್ತು ವರ್ಷದ ಕೈಗೆ ಉದ್ದನೆಯ ಕೊಳಲನ್ನು ಕೊಡಬೇಡಿ. ಬೆರಳುಗಳು ನೋಯದೆ ಎಲ್ಲ ರಂಧ್ರಗಳನ್ನೂ ಮುಟ್ಟುವ ಚಿಕ್ಕ ಕೊಳಲಿನಿಂದ ಆರಂಭಿಸಲಿ.

ಪ್ರಶ್ನೆ: ಮನೆಯಲ್ಲಿ ಚೆನ್ನಾಗಿ ಕೇಳುವ ಕೊಳಲು ಮೈಕಿನ ಮುಂದೆ ಫುಸ್ ಫುಸ್ ಎನ್ನುತ್ತದೆ. — ಸುರಪುರದ ಓದುಗರು

ಉತ್ತರ: ಮೈಕು ನಿಮ್ಮ ತುಟಿಯ ನೇರಕ್ಕೆ ಇದ್ದಿರಬೇಕು. ಅಂಚನ್ನು ದಾಟಿದ ಗಾಳಿ ಮುಂದಕ್ಕೂ ಕೆಳಕ್ಕೂ ಹೋಗುತ್ತದೆ; ಅದರ ದಾರಿಯಲ್ಲಿ ಮೈಕು ನಿಲ್ಲಬಾರದು. ಮುಖರಂಧ್ರಕ್ಕಿಂತ ಒಂದು ಗೇಣು ಮೇಲೆ, ಬೆರಳುಗಳ ಕಡೆಗೆ ತುಸು ಸರಿಸಿ, ಕೊಳಲಿನತ್ತ ಬಾಗಿಸಿ ಇಡಿಸಿರಿ. ಭಾಷಣದ ಮೈಕನ್ನು ಹಾಗೆಯೇ ಕೊಳಲಿನವರ ಮುಂದೆ ತಂದಿಡುವುದು ನಮ್ಮ ಕಾರ್ಯಕ್ರಮಗಳ ರೂಢಿ, ಸಂಕೋಚಪಡದೆ ಸರಿಸಿಕೊಳ್ಳಿ. ಪ್ರತಿಧ್ವನಿಯನ್ನು ಹೆಚ್ಚಿಸಿ ನಾದವನ್ನು ತುಂಬುವೆನೆಂದು ಧ್ವನಿವರ್ಧಕದವರು ಹೇಳಿದರೆ ನಯವಾಗಿ ಬೇಡವೆನ್ನಿರಿ, ಅದು ಗಾಳಿಯ ಸದ್ದನ್ನೂ ಅಷ್ಟೇ ಪ್ರೀತಿಯಿಂದ ತುಂಬುತ್ತದೆ.

ಪ್ರಶ್ನೆ: ದಿನಕ್ಕೆ ಒಂದೇ ಗಂಟೆ ಸಿಗುತ್ತದೆ. ಸಾಧನೆಯನ್ನು ಹೇಗೆ ಹಂಚಿಕೊಳ್ಳಲಿ? — ಸೇಡಂನ ಓದುಗರು

ಉತ್ತರ: ಮೊದಲ 25 ನಿಮಿಷ ಮಂದ್ರದ ದೀರ್ಘ ಸ್ವರಗಳು. ಇದು ಹೆಚ್ಚಾಯಿತೆಂದು ನಿಮಗೆ ಅನಿಸುತ್ತದೆ, ಆದರೂ ಕಡಿಮೆ ಮಾಡಬೇಡಿ. ಅನಂತರ ಐದು ನಿಮಿಷ, ಒಂದೊಂದು ಸ್ವರವನ್ನೂ ದೊಡ್ಡದಾಗಿ ಆರಂಭಿಸಿ ಮೆಲ್ಲಗೆ ಕರಗಿಸುವ ಅಭ್ಯಾಸ. ಉಸಿರು ತಗ್ಗಿದಂತೆ ಸ್ವರವೂ ಇಳಿಯುತ್ತದೆ; ತೆರಪನ್ನು ಇನ್ನಷ್ಟು ಕಿರಿದು ಮಾಡಿ ಗಾಳಿಯ ವೇಗವನ್ನು ಉಳಿಸಿಕೊಂಡರೆ ಮಾತ್ರ ಅದು ಇದ್ದಲ್ಲಿಯೇ ನಿಂತು ಮುಗಿಯುತ್ತದೆ. ಮುಂದಿನ 15 ನಿಮಿಷ ಪಲ್ಟಾಗಳು (ಸ್ವರಗಳನ್ನು ಹೆಣೆದ ಅಭ್ಯಾಸದ ಸಾಲುಗಳು), ಉಳಿದದ್ದು ರಾಗ. ಪಲ್ಟಾಗಳ ವೇಗವನ್ನು ಹೆಚ್ಚಿಸಲು ಒಂದೇ ನಿಯಮ: ವೇಗ ಏರಿದಾಗ ನಾದ ತೆಳುವಾದರೆ ಹಿಂದಿನ ವೇಗಕ್ಕೆ ಮರಳಬೇಕು.

ವಾರಕ್ಕೊಮ್ಮೆ ಫೋನನ್ನು ಪಕ್ಕದ ಕೋಣೆಯಲ್ಲಿ ಧ್ವನಿಮುದ್ರಣಕ್ಕೆ ಇಟ್ಟು ಬನ್ನಿ. ಊದುವ ಸದ್ದು ಗೋಡೆಯನ್ನು ದಾಟಿ ಅಷ್ಟಾಗಿ ಹೋಗುವುದಿಲ್ಲ, ಸ್ವರ ಹೋಗುತ್ತದೆ. ನೀವು ಜೋರಾಗಿ ಊದಿದೆನೆಂದುಕೊಂಡ ಕಡೆ ಮುದ್ರಣದಲ್ಲಿ ಸ್ವರ ಸಣ್ಣದಾಗಿಯೂ, ಮೆಲ್ಲಗೆ ಊದಿದೆನೆಂದುಕೊಂಡ ಕಡೆ ದೊಡ್ಡದಾಗಿಯೂ ಕೇಳಿಸಿದರೆ ಬೆರಗಾಗಬೇಡಿ. ಆ ಎರಡು ಜಾಗಗಳನ್ನು ಗುರುತು ಹಾಕಿಕೊಂಡು, ಮರುದಿನದ ಮೊದಲ 25 ನಿಮಿಷಗಳನ್ನು ಅಲ್ಲಿಂದ ಆರಂಭಿಸಿರಿ.